ಕಾಳ್ಗಿಚ್ಚಿನ ಮೇಲೆ ಮುದಿ ರೆಕ್ಕೆಗಳು

2019ರ ಫೆಬ್ರುವರಿ 20ರಿಂದ 24ರವರೆಗೆ ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ವೈಮಾನಿಕ ಪ್ರದರ್ಶನ ನಡೆಯಿತು. ದೇಶ ವಿದೇಶಗಳ ವಿಮಾನಗಳನ್ನು ನೋಡಲು ಜನ ಕಿಕ್ಕಿರಿದಿದ್ದಾಗಲೇ, 23ರಂದು ವಾಹನ ನಿಲುಗಡೆ ಮೈದಾನದ ಒಣಹುಲ್ಲಿಗೆ ಬೆಂಕಿ ತಗುಲಿ ಸುಮಾರು 300 ಕಾರುಗಳು ಸುಟ್ಟು ಕರಕಲಾದವು. ಅದೇ ದಿನಗಳಲ್ಲಿ ಬಂಡೀಪುರದ ಕಾಡೂ ಹೊತ್ತಿ ಉರಿಯುತ್ತಿತ್ತು. ಸಾವಿರಾರು ಎಕರೆ ಬೂದಿಯಾದ ಮೇಲೆ, 25ರಂದು ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ದೊಡ್ಡ ನೀರಿನ ಚೀಲಗಳನ್ನು ತೂಗುಹಾಕಿಕೊಂಡು ಬಂಡೀಪುರದ ಗುಡ್ಡಗಳ ಮೇಲೆ ನೀರು ಸುರಿದವು. ಆ ದೃಶ್ಯವನ್ನು ದೂರದರ್ಶನದಲ್ಲಿ ಕಂಡ ನಮ್ಮ ಜನರ ಮನಸ್ಸಿನಲ್ಲಿ ಒಂದು ನಂಬಿಕೆ ಬೇರೂರಿತು. ಕಾಳ್ಗಿಚ್ಚಿಗೆ ಮದ್ದು ಆಕಾಶದಿಂದ ಬರಬೇಕು ಎಂಬುದೇ ಆ ನಂಬಿಕೆ.

ಕಳೆದ ಬೇಸಿಗೆಯಲ್ಲಿ ಹಾಸನದಿಂದ ಹೊಳೆನರಸೀಪುರದ ಮೂಲಕ ಅರಕಲಗೂಡಿಗೆ ಹೋಗುವಾಗ ಜೊತೆಯಲ್ಲಿದ್ದ ಹಿರಿಯರೊಬ್ಬರು, ಸೇನೆಯಿಂದ ನಿವೃತ್ತರಾದವರು, ಇದೇ ಮಾತನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ‘ವಾಯುಪಡೆಯ ಹಳೆಯ ಸಾಗಣೆ ವಿಮಾನಗಳು ಇಂದಲ್ಲ ನಾಳೆ ಸೇವೆಯಿಂದ ಹೊರಬೀಳುತ್ತವೆ. ಅವನ್ನು ಗುಜರಿಗೆ ಹಾಕುವ ಬದಲು ಹೊಟ್ಟೆಯಲ್ಲಿ ನೀರಿನ ತೊಟ್ಟಿ ಕೂರಿಸಿ ಕಾಡಿನ ಬೆಂಕಿಗೆ ಯಾಕೆ ಬಳಸಬಾರದು?’ ಎಂದರು. ಪ್ರಶ್ನೆ ಅಸಂಗತವಾದುದೇನೂ ಅಲ್ಲ. ನಮ್ಮ ವಾಯುಪಡೆ 1984ರಿಂದ ಹಾರಿಸುತ್ತಿರುವ ಎಎನ್-32 ವಿಮಾನಕ್ಕೆ ಎಂಟು ಸಾವಿರ ಲೀಟರ್ ನೀರು ಹೊರುವ ಅಗ್ನಿಶಾಮಕ ಮಾದರಿಯೊಂದು ಉಕ್ರೇನಿನಲ್ಲಿ ಸಿದ್ಧವಾಗಿ ಬಳಕೆಯಲ್ಲೂ ಇದ್ದದ್ದುಂಟು. ಅಮೆರಿಕ, ಕೆನಡಾ, ಗ್ರೀಸ್ ಮುಂತಾದ ದೇಶಗಳು ದಶಕಗಳ ಕಾಲ ಹಳೆಯ ವಿಮಾನಗಳಿಂದಲೇ ಈ ಕೆಲಸ ನಡೆಸಿಕೊಂಡು ಬಂದಿವೆ. ಆದರೆ ಆ ದೇಶಗಳ ಅನುಭವವನ್ನು ಪೂರ್ತಿಯಾಗಿ ಓದಿದವರು ಈ ಸಲಹೆಗೆ ಅಷ್ಟು ಸುಲಭವಾಗಿ ತಲೆಯಾಡಿಸಲಾರರು.

2002ರ ಜೂನ್ 17ರಂದು ಕ್ಯಾಲಿಫೋರ್ನಿಯಾದ ವಾಕರ್ ಎಂಬ ಊರಿನ ಬಳಿ ಸಿ-130ಎ ಟ್ಯಾಂಕರ್ ವಿಮಾನವೊಂದು ಬೆಂಕಿಯ ಮೇಲೆ ದ್ರಾವಣ ಸುರಿಯುತ್ತಿದ್ದಾಗಲೇ ಅದರ ಎರಡೂ ರೆಕ್ಕೆಗಳು ಮುರಿದು ಮೇಲಕ್ಕೆ ಮಡಚಿಕೊಂಡವು. ಮೂವರು ಸತ್ತರು. 1957ರಲ್ಲಿ ಸೇನೆಗೆ ಸೇರಿ, ನಂತರ ಖಾಸಗಿಯವರ ಕೈಗೆ ಬಂದಿದ್ದ ವಿಮಾನ ಅದು. ರೆಕ್ಕೆಯ ಬುಡದಲ್ಲಿ ಲೋಹ ದಣಿದು ಬಿರುಕು ಬಿಟ್ಟಿದ್ದುದು ತನಿಖೆಯಲ್ಲಿ ಹೊರಬಿತ್ತು. ಸುಮಾರು ಒಂದು ತಿಂಗಳ ಬಳಿಕ, ಜುಲೈ 18ರಂದು, ಕೊಲರಾಡೊದಲ್ಲಿ ಎರಡನೆಯ ಮಹಾಯುದ್ಧದ ಕಾಲದ ಇನ್ನೊಂದು ಟ್ಯಾಂಕರ್ ಅದೇ ರೀತಿ ರೆಕ್ಕೆ ಕಳಚಿ ನೆಲಕ್ಕಪ್ಪಳಿಸಿ ಇಬ್ಬರು ಸತ್ತರು. ಆ ವರ್ಷದ ಕೊನೆಗೆ ವರದಿ ನೀಡಿದ ತಜ್ಞರ ಸಮಿತಿ ಒಂದು ಹೋಲಿಕೆಯನ್ನು ಮುಂದಿಟ್ಟಿತು. ವಿಮಾನದವರು ಸಾಯುವ ಪ್ರಮಾಣದಲ್ಲೇ ನೆಲದ ಮೇಲಿನ ಅಗ್ನಿಶಾಮಕ ಸಿಬ್ಬಂದಿಯೂ ಸಾಯುವುದಾದರೆ ಅವರಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ಮಂದಿ ಬಲಿಯಾಗಬೇಕಾಗುತ್ತಿತ್ತು ಎಂಬುದು ಅದರ ತಾತ್ಪರ್ಯ.

ಹೀಗೇಕಾಯಿತು? ವಿಮಾನಕ್ಕೆ ವಯಸ್ಸಾಯಿತೆಂಬುದೊಂದೇ ಕಾರಣವಲ್ಲ. ಕ್ರಮವಾಗಿ ತಪಾಸಣೆ ಮಾಡಿ ಬಿಡಿಭಾಗ ಬದಲಿಸುತ್ತ ಬಂದರೆ ನಲವತ್ತು ವರ್ಷದ ವಿಮಾನವೂ ಸುರಕ್ಷಿತವಾಗಿ ಹಾರಬಲ್ಲುದು. ಆದರೆ ಸರಕು ಹೊತ್ತು ಎತ್ತರದ ತಣ್ಣನೆಯ ಗಾಳಿಯಲ್ಲಿ ನೇರವಾಗಿ ಸಾಗಲೆಂದು ಕಟ್ಟಿದ ವಿಮಾನವನ್ನು ಬೆಂಕಿಯ ಮೇಲೆ ಬಳಸಿದಾಗ ಅದರ ಬದುಕೇ ಬದಲಾಗುತ್ತದೆ. ಮರಗಳ ತುದಿಯಿಂದ ನೂರಿನ್ನೂರು ಅಡಿ ಎತ್ತರದಲ್ಲಿ, ಕಣಿವೆಯೊಳಗೆ ಇಳಿದು ಏರುತ್ತ, ಉರಿಯಿಂದ ಮೇಲೇಳುವ ಬಿಸಿಗಾಳಿಯ ಹೊಡೆತ ತಿನ್ನುತ್ತ ಅದು ಹಾರಬೇಕು. ಹತ್ತಾರು ಟನ್ ಭಾರ ಕೆಲವೇ ಕ್ಷಣಗಳಲ್ಲಿ ಹೊಟ್ಟೆಯಿಂದ ಇಳಿದಾಗ ರೆಕ್ಕೆಗಳು ಬಿಲ್ಲಿನಂತೆ ಸೆಟೆದುಕೊಳ್ಳುತ್ತವೆ. ತಗಡಿನ ತುಂಡನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತ ಹೋದರೆ ಅದು ಮುರಿಯುವುದು ಯಾವ ಸಲದಲ್ಲಿ ಎಂದು ಹೇಳಲಾಗುವುದಿಲ್ಲ. ಮುರಿಯುವುದಂತೂ ಖಚಿತ. ಸಾಮಾನ್ಯ ಹಾರಾಟದ ಗಂಟೆಗಳ ಲೆಕ್ಕದಲ್ಲಿ ಈ ಸವೆತ ಕಾಣಸಿಗುವುದಿಲ್ಲ. ಅಮೆರಿಕದಲ್ಲಿ ಎಡವಿದ್ದು ಇಲ್ಲಿಯೇ. ಸೇನೆಗೆ ಬೇಡವಾದದ್ದು ಕಡಿಮೆ ಬೆಲೆಗೆ ಸಿಕ್ಕಿತು, ಸರ್ಕಾರ ಅಗ್ಗದ ದರಕ್ಕೆ ಗುತ್ತಿಗೆ ಕೊಟ್ಟಿತು, ತಪಾಸಣೆಯ ಹೊಣೆ ಯಾರದೆಂಬುದು ಮಾತ್ರ ಅಸ್ಪಷ್ಟವಾಗಿಯೇ ಉಳಿಯಿತು.

ಮುಂದೆ ಆದದ್ದೂ ಗಮನಾರ್ಹ. 2004ರ ಮೇ ತಿಂಗಳಲ್ಲಿ, ಬೆಂಕಿಯ ಋತು ಹೊಸ್ತಿಲಲ್ಲಿದ್ದಾಗ, ಅಮೆರಿಕ ಸರ್ಕಾರ 33 ದೊಡ್ಡ ಟ್ಯಾಂಕರ್‌ಗಳ ಗುತ್ತಿಗೆಯನ್ನು ಒಮ್ಮೆಲೇ ರದ್ದುಪಡಿಸಿತು. ಹಳೆಯವು ಹೋದವು, ಹೊಸವು ಸಿದ್ಧವಿರಲಿಲ್ಲ. ಆ ಕೊರತೆಯನ್ನು ತುಂಬಲು ಮತ್ತೆ ಪ್ರಯಾಣಿಕ ಸೇವೆಯಿಂದ ನಿವೃತ್ತವಾದ ಡಿಸಿ-10ರಂತಹ ವಿಮಾನಗಳೇ ಬರಬೇಕಾಯಿತು. 2025ರ ನವೆಂಬರ್‌ನಲ್ಲಿ ಲೂಯಿವಿಲ್ ನಗರದಲ್ಲಿ ಎಂಡಿ-11 ಸರಕು ವಿಮಾನವೊಂದರ ಎಂಜಿನ್ ರೆಕ್ಕೆಯಿಂದ ಕಳಚಿ ಅಪಘಾತವಾದಾಗ, ಅದೇ ಕುಟುಂಬಕ್ಕೆ ಸೇರಿದ ಡಿಸಿ-10ಗಳ ಹಾರಾಟವನ್ನೂ ತಪಾಸಣೆಗಾಗಿ ತಡೆಹಿಡಿಯಲಾಯಿತು. ಬೆಂಕಿ ನಂದಿಸುವ ಡಿಸಿ-10ಗಳೂ ಅದರಲ್ಲಿ ಸೇರಿದವು. ಒಂದು ಬಿರುಕು ಇಡೀ ವ್ಯವಸ್ಥೆಯ ಕೈಕಟ್ಟಬಲ್ಲುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಬೆಂಕಿಗೆಂದೇ ಕಟ್ಟಿದ ವಿಮಾನಗಳಿಲ್ಲವೇ? ಇವೆ. ಕೆನಡಾದ ಸಿಎಲ್-415 ಸರೋವರದ ಮೇಲ್ಮೈಯನ್ನು ಸವರಿಕೊಂಡು ಹೋಗಿ ಹನ್ನೆರಡು ಸೆಕೆಂಡುಗಳಲ್ಲಿ ಆರು ಸಾವಿರ ಲೀಟರ್‌ಗೂ ಹೆಚ್ಚು ನೀರು ತುಂಬಿಕೊಳ್ಳುತ್ತದೆ. ಆದರೆ ಅದರ ತಯಾರಿಕೆ 2015ರಲ್ಲೇ ನಿಂತಿತು. ಅದರ ಉತ್ತರಾಧಿಕಾರಿಯಾದ ಡಿಎಚ್‌ಸಿ-515ಕ್ಕೆ ಐರೋಪ್ಯ ದೇಶಗಳು ಬೇಡಿಕೆ ಸಲ್ಲಿಸಿ ಸರದಿಯಲ್ಲಿ ಕಾಯುತ್ತಿವೆ. ಈ ನಡುವೆ 2023ರ ಜುಲೈನಲ್ಲಿ ಗ್ರೀಸಿನ ಎವಿಯಾ ದ್ವೀಪದಲ್ಲಿ ಹಳೆಯ ಸಿಎಲ್-215 ವಿಮಾನವೊಂದರ ರೆಕ್ಕೆ ಮರಕ್ಕೆ ತಾಗಿ ಇಬ್ಬರು ಯುವ ಪೈಲಟ್‌ಗಳು ಪ್ರಾಣ ತೆತ್ತರು. 27 ಸಾವಿರ ಲೀಟರ್ ಹೊರುತ್ತಿದ್ದ ಕೆನಡಾದ ಹೆಸರಾಂತ ಮಾರ್ಟಿನ್ ಮಾರ್ಸ್ ವಿಮಾನಗಳಲ್ಲಿ ಉಳಿದಿದ್ದ ಎರಡೂ 2024–25ರಲ್ಲಿ ವಸ್ತುಸಂಗ್ರಹಾಲಯ ಸೇರಿದವು. ಹಣವಿರುವ ದೇಶಗಳ ಪಾಡೇ ಇದು.

ಈಗ ನಮ್ಮ ನೆಲಕ್ಕೆ ಬರೋಣ. ಹಾಸನ ಜಿಲ್ಲೆಯಲ್ಲಿ ಬೆಂಕಿಗೆ ಎರಡು ಮುಖಗಳಿವೆ. ಪಶ್ಚಿಮದಲ್ಲಿ ಸಕಲೇಶಪುರದ ಘಟ್ಟಸಾಲು. ಅಲ್ಲಿ ಉರಿಯುವುದು ಹೆಚ್ಚಾಗಿ ಗುಡ್ಡದ ಹುಲ್ಲು ಮತ್ತು ನೆಲಕ್ಕುದುರಿದ ತರಗೆಲೆ. ಪೂರ್ವದ ಬಯಲಲ್ಲಿ, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ, ಉರಿಯುವುದು ಹುಲ್ಲಿನ ಬಣವೆ, ತೆಂಗಿನ ತೋಟ, ಕೆರೆಯಂಗಳದ ಒಣಹುಲ್ಲು. ನಡುವಿನ ಅರಕಲಗೂಡಿನಲ್ಲಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳಿಗೂ ಬೆಂಕಿಯ ಭಯ ತಪ್ಪಿದ್ದಲ್ಲ. ನನ್ನ ಬಾಲ್ಯದಲ್ಲಿ ಹೊಳೆನರಸೀಪುರ ಸೀಮೆಯ ನಮ್ಮೂರಿನ ಕಣದಲ್ಲಿ ಬಣವೆಯೊಂದಕ್ಕೆ ಬೆಂಕಿ ಬಿದ್ದ ರಾತ್ರಿ ನನಗಿನ್ನೂ ನೆನಪಿದೆ. ಊರವರು ಬಾವಿಯಿಂದ ಕಣದವರೆಗೆ ಸಾಲಾಗಿ ನಿಂತು ಕೊಡಗಳನ್ನು ಕೈಯಿಂದ ಕೈಗೆ ದಾಟಿಸಿದರು. ಹೊತ್ತಿದ ಬಣವೆ ಉಳಿಯಲಿಲ್ಲ. ಪಕ್ಕದ ಬಣವೆಗಳ ಮೇಲೆ ಒದ್ದೆ ಗೋಣಿ ಹೊದಿಸಿದ್ದರಿಂದ ಅವು ಉಳಿದವು. ನೀರು ಎಷ್ಟಿತ್ತು ಎಂಬುದಕ್ಕಿಂತ ಜನ ಎಷ್ಟು ಬೇಗ ಬಂದರು ಎಂಬುದೇ ಅಂದು ಮುಖ್ಯವಾಯಿತು.

ಕಾಡಿನ ಬೆಂಕಿಯ ನಿಯಮವೂ ಇದೇ. ವಾಯುಪಡೆಯ ಹೆಲಿಕಾಪ್ಟರ್ ಒಂದು ಸಲಕ್ಕೆ ಒಯ್ಯುವ ನೀರು ಮೂರರಿಂದ ಮೂರೂವರೆ ಸಾವಿರ ಲೀಟರ್. ತಾಲ್ಲೂಕು ಕೇಂದ್ರದ ಸಾಮಾನ್ಯ ಅಗ್ನಿಶಾಮಕ ವಾಹನ ಒಯ್ಯುವ ನೀರು ಇದಕ್ಕಿಂತ ಹೆಚ್ಚು. ಹೆಲಿಕಾಪ್ಟರಿನ ಹೆಚ್ಚುಗಾರಿಕೆ ಇರುವುದು ದಾರಿಯಿಲ್ಲದ ಕಡೆಗೆ ತಲಪುವುದರಲ್ಲಿ. ಅದು ಉರಿಯ ನಾಲಿಗೆಯನ್ನು ತಗ್ಗಿಸಿ ನೆಲದವರಿಗೆ ಸ್ವಲ್ಪ ಕಾಲಾವಕಾಶ ದೊರಕಿಸುತ್ತದೆ. ಹಸಿ ಸೊಪ್ಪಿನಿಂದ ಬಡಿದು, ತರಗೆಲೆ ಸರಿಸಿ, ಬೆಂಕಿಯನ್ನು ನಿಜವಾಗಿ ಆರಿಸುವವನು ಕಾಲ್ನಡಿಗೆಯಲ್ಲಿ ಹೋದ ಮನುಷ್ಯನೇ. ಬಂಡೀಪುರದಲ್ಲಿಯೂ ಅರಣ್ಯ ಸಿಬ್ಬಂದಿ ಮತ್ತು ಸ್ವಯಂಸೇವಕರು ನೆಲದ ಮೇಲೆ ಇಲ್ಲದಿದ್ದರೆ ಮೇಲಿಂದ ಬಿದ್ದ ನೀರು ಆವಿಯಾಗಿ ಹೋಗುತ್ತಿತ್ತು.

ಆ ಮನುಷ್ಯನ ಸ್ಥಿತಿ ಏನು? 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸುತ್ತಿದ್ದ ಅರಣ್ಯ ರಕ್ಷಕರೊಬ್ಬರು ಅದಕ್ಕೇ ಆಹುತಿಯಾದರು. 2023ರ ಫೆಬ್ರುವರಿಯಲ್ಲಿ ನಮ್ಮದೇ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಅರಣ್ಯದಲ್ಲಿ ಇನ್ನೊಬ್ಬರು ಸುಟ್ಟಗಾಯಗಳಿಂದ ಮೃತಪಟ್ಟರು, ಜೊತೆಯವರು ಗಾಯಗೊಂಡರು. ಬೇಸಿಗೆಯ ಬೆಂಕಿ ಕಾವಲುಗಾರರು ಬಹುಮಟ್ಟಿಗೆ ದಿನಗೂಲಿಯವರು. ಸೊಪ್ಪಿನ ಕೊಂಬೆಯೇ ಅವರ ಆಯುಧ. ಇನ್ನು ಅಗ್ನಿಶಾಮಕ ವಾಹನಗಳ ವಿಷಯ. 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಿಸಬಾರದೆಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಈ ವಾಹನಗಳೂ ಅದರ ವ್ಯಾಪ್ತಿಗೆ ಬಂದವು. ಹಳೆಯದನ್ನು ನಿಲ್ಲಿಸುವುದು ಸರಿ. ಆದರೆ ಅದರ ಜಾಗಕ್ಕೆ ಹೊಸದು ಅಂದೇ ಬಾರದಿದ್ದರೆ ಅಮೆರಿಕ 2004ರಲ್ಲಿ ಆಕಾಶದಲ್ಲಿ ಮಾಡಿದ ತಪ್ಪನ್ನು ನಾವು ನೆಲದ ಮೇಲೆ ಮಾಡಿದಂತಾಗುತ್ತದೆ.

ಈ ಎಲ್ಲ ಸಂಗತಿಗಳ ಹಿಂದೆ ನನಗೆ ಕಾಣುವುದು ಒಂದೇ ಮನೋಭಾವ. ಬೇರೆಲ್ಲರಿಗೂ ಬಡಿಸಿ ಮಿಕ್ಕಿದ್ದನ್ನು ಬೆಂಕಿಯ ಕೆಲಸಕ್ಕೆ ಕೊಡುವುದು ಎಲ್ಲ ಸರ್ಕಾರಗಳ ರೂಢಿ. ಸೇನೆಗೆ ಬೇಡವಾದ ವಿಮಾನ, ಬೇರೆ ಕಡೆ ಕೂಲಿ ಸಿಗದ ತಿಂಗಳಲ್ಲಿ ಸಿಕ್ಕ ಕೂಲಿಯಾಳು, ವರ್ಷದ ಕೊನೆಯಲ್ಲಿ ಉಳಿದ ಅನುದಾನ. ಬೆಂಕಿ ವರ್ಷದಲ್ಲಿ ನಾಲ್ಕು ತಿಂಗಳ ಅತಿಥಿ. ಮಳೆ ಬಿದ್ದೊಡನೆ ಅದನ್ನು ಮರೆಯುವುದು ಸುಲಭ. ಹಳೆಯ ವಿಮಾನವನ್ನು ಟ್ಯಾಂಕರ್ ಮಾಡುವ ಸಲಹೆ ಮಿತವ್ಯಯದಂತೆ ತೋರುತ್ತದೆ. ಉಳಿತಾಯದ ಬೆಲೆಯನ್ನು ತೆರುವವನು ಮಾತ್ರ ಅದನ್ನು ಹಾರಿಸುವ ಪೈಲಟ್. 2016ರಲ್ಲಿ ಬಂಗಾಳ ಕೊಲ್ಲಿಯ ಮೇಲೆ ಕಣ್ಮರೆಯಾದ ಎಎನ್-32ರಲ್ಲಿ 29 ಮಂದಿ ಇದ್ದರು. 2019ರಲ್ಲಿ ಅರುಣಾಚಲದಲ್ಲಿ ಅಪ್ಪಳಿಸಿದ ಅದೇ ಬಗೆಯ ವಿಮಾನದಲ್ಲಿ 13 ಮಂದಿ ಇದ್ದರು. ಸಾಮಾನ್ಯ ಸಾಗಣೆಯೇ ಇಷ್ಟು ದುಬಾರಿಯಾಗಬಹುದಾದರೆ, ಅವನ್ನು ಹೊಗೆ ತುಂಬಿದ ಘಟ್ಟದ ಕಣಿವೆಗಳಿಗೆ ಇಳಿಸುವ ಮುನ್ನ ಹತ್ತು ಸಲ ಯೋಚಿಸಬೇಕು.

ಹಾಗೆಂದು ಆಕಾಶವನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಬೆಂಕಿಯನ್ನು ಕಾಣುವ ಕಣ್ಣು ನಮಗೆ ಆಗಲೇ ದೊರೆತಿದೆ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ 2004ರಿಂದ ಉಪಗ್ರಹಗಳ ನೆರವಿನಿಂದ ಬೆಂಕಿಯ ಸುಳಿವು ನೀಡುತ್ತಿದೆ. 1982ರಿಂದ ಉಪಗ್ರಹ ನಿಯಂತ್ರಣ ಕೇಂದ್ರವನ್ನು ಹೊಂದಿರುವ ಹಾಸನದವರಿಗೆ ಬಾಹ್ಯಾಕಾಶದ ಮಹತ್ವವನ್ನು ಹೇಳಿಕೊಡಬೇಕಾಗಿಲ್ಲ. ಕೊರತೆ ಇರುವುದು ಕಂಡ ಗಂಟೆಯೊಳಗೆ ತಲಪುವ ಕೈಯಲ್ಲಿ. ವಾಯುಪಡೆಯ ನೆರವು ಬೆಂಕಿ ಕೈಮೀರಿದ ಮೇಲೆ, ಪತ್ರ ವ್ಯವಹಾರ ಮುಗಿದ ಮೇಲೆ ಬರುವಂಥದು. ಅದರ ಬದಲು ಫೆಬ್ರುವರಿಯಿಂದ ಮೇ ತಿಂಗಳವರೆಗೆ ಸುಸ್ಥಿತಿಯಲ್ಲಿರುವ ಎರಡು ಮೂರು ಹೆಲಿಕಾಪ್ಟರ್‌ಗಳನ್ನು ರಾಜ್ಯ ಸರ್ಕಾರವೇ ಬಾಡಿಗೆಗೆ ಪಡೆದು ಸನ್ನದ್ಧವಾಗಿ ಇರಿಸಿಕೊಳ್ಳಬಹುದು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 1997ರಷ್ಟು ಹಿಂದೆಯೇ ಖಾಸಗಿ ಹೆಲಿಕಾಪ್ಟರ್ ಸೇವೆ ಆರಂಭಿಸಿದ್ದರು. ಆದ್ದರಿಂದ ಬಾಡಿಗೆಯ ಹೆಲಿಕಾಪ್ಟರ್ ನಮಗೆ ಹೊಸತಲ್ಲ. 2007ರಲ್ಲಿ ಶಂಕುಸ್ಥಾಪನೆಯಾಗಿ ವರ್ಷಗಟ್ಟಲೆ ನೆನೆಗುದಿಗೆ ಬಿದ್ದು ಮತ್ತೆ ಕೈಗೆತ್ತಿಕೊಂಡ ಬೂವನಹಳ್ಳಿಯ ವಿಮಾನ ನಿಲ್ದಾಣ, ದಕ್ಷಿಣದ ನಾಗರಹೊಳೆ–ಬಂಡೀಪುರಕ್ಕೂ ಉತ್ತರದ ಕುದುರೆಮುಖ–ಭದ್ರಾ ಕಾಡುಗಳಿಗೂ ನಡುವಿನಲ್ಲಿದೆ. ಗೊರೂರಿನ ಹೇಮಾವತಿ ಜಲಾಶಯವೂ ಹತ್ತಿರದಲ್ಲಿದೆ. ಆದರೆ ಬೆಂಕಿಯ ಕಾಲವೂ ಜಲಾಶಯ ತಳ ಸೇರುವ ಕಾಲವೂ ಒಂದೇ ಆದ್ದರಿಂದ, ಚೀಲ ಮುಳುಗುವಷ್ಟು ನೀರು ಯಾವ ಕೆರೆಯಲ್ಲಿ ಉಳಿದಿದೆ ಎಂಬ ಪಟ್ಟಿ ಪ್ರತಿ ಜನವರಿಯಲ್ಲೇ ಸಿದ್ಧವಾಗಬೇಕು.

ಇದಕ್ಕೂ ಮೊದಲು ಆಗಬೇಕಾದದ್ದು ನೆಲದ ಕೆಲಸ. ಬೆಂಕಿ ರೇಖೆಗಳು ಜನವರಿಯೊಳಗೆ ಮುಗಿಯಬೇಕು. ಕಾವಲುಗಾರನಿಗೆ ತಡವಿಲ್ಲದ ಕೂಲಿ, ಗಟ್ಟಿ ಬೂಟು, ಎಲೆ ಊದುವ ಯಂತ್ರ, ಜೀವವಿಮೆ ದೊರೆಯಬೇಕು. ನಮ್ಮ ಕಾಡುಗಳ ಬೆಂಕಿ ಬಹುಪಾಲು ಮನುಷ್ಯನಿಂದಲೇ ಹುಟ್ಟುವುದರಿಂದ ಕಾಡಂಚಿನ ಹಳ್ಳಿಗಳ ವಿಶ್ವಾಸ ಗಳಿಸಬೇಕು. ಅರಕಲಗೂಡು, ಚನ್ನರಾಯಪಟ್ಟಣದಂತಹ ತಾಲ್ಲೂಕು ಕೇಂದ್ರಗಳಲ್ಲಿ ಹಳೆಯ ವಾಹನ ಹೊರಡುವ ದಿನವೇ ಹೊಸದು ಬಂದು ನಿಲ್ಲಬೇಕು. ಮುಂದೆ ಎಂದಾದರೂ ಹಳೆಯ ವಿಮಾನವನ್ನು ಬೆಂಕಿಗೆ ಬಳಸುವ ಯೋಚನೆ ಬಂದರೆ, ಅದರ ರೆಕ್ಕೆಗಳ ಪರೀಕ್ಷೆ ಗುತ್ತಿಗೆದಾರನ ಕೈಯಲ್ಲಿ ಇರಕೂಡದು. ಬೆಂಕಿಯ ಮೇಲೆ ಕಳೆದ ಪ್ರತಿ ಗಂಟೆಯ ಸವೆತಕ್ಕೂ ಪ್ರತ್ಯೇಕ ಲೆಕ್ಕ ಇಡಬೇಕು.

ಅರಕಲಗೂಡಿನ ದಾರಿಯಲ್ಲಿ ಕೇಳಿದ ಪ್ರಶ್ನೆಗೆ ನಾನು ಆ ಹಿರಿಯರಿಗೆ ಅಂದು ಪೂರ್ತಿ ಉತ್ತರ ಕೊಡಲಾಗಿರಲಿಲ್ಲ. ಇದೇ ಆ ಉತ್ತರ. ಕಾಡುಮನೆಯ ಗುಡ್ಡದಲ್ಲಿ ಸುಟ್ಟುಹೋದವರು ಹಳೆಯ ವಿಮಾನ ಬರಲಿಲ್ಲವೆಂದು ಸಾಯಲಿಲ್ಲ. ಬೆಂಕಿಯ ಎದುರು ನಿಲ್ಲುವವರಿಗೆ ನಾವು ಕೊಟ್ಟದ್ದು ತೀರ ಕಡಿಮೆಯಾಗಿತ್ತು. ಆ ಕೊರತೆಯನ್ನು ಮೊದಲು ತುಂಬದೆ ಆಕಾಶದತ್ತ ನೋಡುತ್ತ ಕುಳಿತರೆ, ಮುಂದಿನ ಬೇಸಿಗೆಯಲ್ಲಿ ನೆಲದವರ ಜೊತೆಗೆ ಮೇಲೆ ಹಾರುವವರ ಪ್ರಾಣವನ್ನೂ ಒತ್ತೆ ಇಟ್ಟಂತಾದೀತು.