ಸ್ಪರ್ಧೆಗೆ ಯಾವ ಹೂವು?

ಛಾಯಾಚಿತ್ರ ಸ್ಪರ್ಧೆಯ ಪ್ರಕಟಣೆ ಹೊರಟೊಡನೆ ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ವಿದ್ಯಾರ್ಥಿಗಳು ಆರಿಸುವುದು ಸಾಮಾನ್ಯವಾಗಿ ಗುಲಾಬಿ, ಸೇವಂತಿಗೆಗಳ ಚಿತ್ರಗಳನ್ನು. ಇಲ್ಲವೇ ಪ್ರವಾಸ ಹೋದಾಗ ಲಾಲ್‌ಬಾಗಿನಲ್ಲಿ ತೆಗೆದ ಚಿತ್ರಗಳನ್ನು. “ನಮ್ಮದು ಬರದ ಸೀಮೆ, ಇಲ್ಲೇನು ಹೂವಿದೆ ಸಾರ್?” ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಯಲ್ಲಿ ಅಡಗಿರುವ ಕೀಳರಿಮೆಗೆ ಆಧಾರವಿಲ್ಲವೆಂದೂ, ಸ್ಪರ್ಧೆಯ ದೃಷ್ಟಿಯಿಂದಲೂ ಆ ಆಯ್ಕೆ ಸಾಧುವಲ್ಲವೆಂದೂ ನಾವು ಭಾವಿಸುತ್ತೇವೆ.

ಮೊದಲು ನಿಯಮವನ್ನು ನೋಡೋಣ. ಅಮೆರಿಕದ ಫೋಟೊಗ್ರಾಫಿಕ್ ಸೊಸೈಟಿ, ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಮತ್ತು ಫಿಯಾಪ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ, ಈ ಮೂರೂ ಸಂಸ್ಥೆಗಳು ೨೦೧೪ರಲ್ಲಿ ನಿಸರ್ಗ ಛಾಯಾಚಿತ್ರಕ್ಕೆ ಒಂದೇ ವ್ಯಾಖ್ಯೆಯನ್ನು ಒಪ್ಪಿಕೊಂಡವು. ಅದರಂತೆ ಬೆಳೆಸಿದ ಗಿಡಗಳಿಗೂ ಮಿಶ್ರತಳಿಗಳಿಗೂ ಆ ವಿಭಾಗದಲ್ಲಿ ಪ್ರವೇಶವಿಲ್ಲ. ಚಿತ್ರದೊಳಗೆ ಯಾವುದನ್ನೂ ಸೇರಿಸಕೂಡದು. ಅಂಚನ್ನು ಕತ್ತರಿಸುವುದರ ಹೊರತು ಯಾವುದನ್ನೂ ತೆಗೆಯಕೂಡದು. ಅಂದಕ್ಕಿಂತ ಚಿತ್ರವು ಹೇಳುವ ಕಥೆಗೆ ಹೆಚ್ಚಿನ ತೂಕ. ಈ ವ್ಯಾಖ್ಯೆಯನ್ನು ಅನುಸರಿಸುವ ಸ್ಪರ್ಧೆಗಳಲ್ಲಿ ತೋಟದ ಗುಲಾಬಿ ಹೊಸಿಲಿನಾಚೆ ನಿಲ್ಲುತ್ತದೆ. ಹಾಳುಭೂಮಿಯ ತಂಗಡಿ ಒಳಗೆ ಬರುತ್ತದೆ.

ತಂಗಡಿಗೆ ಹೇಳಲು ಕಥೆಯೂ ಇದೆ. ಅದರ ಹಳದಿ ಹೂವಿನ ಹತ್ತು ಕೇಸರಗಳು ಒಂದೇ ಅಳತೆಯವಲ್ಲ. ಪರಾಗಕೋಶವು ಉದ್ದಕ್ಕೆ ಸೀಳದೆ ತುದಿಯ ಸಣ್ಣ ರಂಧ್ರದಿಂದ ಪರಾಗವನ್ನು ಹೊರಬಿಡುತ್ತದೆ. ಮರ ಕೊರೆಯುವ ದೊಡ್ಡ ದುಂಬಿಯು ಕೇಸರಗಳನ್ನು ಅಪ್ಪಿ ಹಿಡಿದು, ಮೈ ಕಂಪಿಸಿ, ಪರಾಗವನ್ನು ಉದುರಿಸಿಕೊಳ್ಳುತ್ತದೆ. ಈ ಒಂದು ಕ್ಷಣವನ್ನು ತೋರಿಸುವ ಚಿತ್ರವು ಹತ್ತು ಬಣ್ಣದ ಚಿತ್ರಗಳಿಗಿಂತ ಮೇಲೆಂಬುದು ನಮ್ಮ ಅಭಿಪ್ರಾಯ.

ಆಯ್ಕೆಯಲ್ಲಿ ಭೌತಶಾಸ್ತ್ರಕ್ಕೂ ಪಾತ್ರವುಂಟು. ಬಯಲಿನ ಗಾಳಿಗೆ ಹೂವು ಸೆಕೆಂಡಿಗೆ ೫ ಸೆಂಟಿಮೀಟರು ಸರಿಯಿತೆನ್ನೋಣ. ಷಟರು ಸೆಕೆಂಡಿನ ೬೦ರಲ್ಲಿ ಒಂದು ಭಾಗದಷ್ಟು ಕಾಲ ತೆರೆದಿದ್ದರೆ ಅಷ್ಟರಲ್ಲಿ ಹೂವು ಸುಮಾರು ೦.೮ ಮಿಲಿಮೀಟರು ಚಲಿಸಿರುತ್ತದೆ. ಪರಾಗಕೋಶದ ರಂಧ್ರ ಮಸಕಿನಲ್ಲಿ ಕರಗಿಹೋಗುತ್ತದೆ. ಸಾವಿರದಲ್ಲಿ ಒಂದು ಭಾಗವಾದರೆ ಚಲನೆ ೦.೦೫ ಮಿಲಿಮೀಟರು ಮಾತ್ರ. ಮಸೂರದ ರಂಧ್ರವನ್ನು ಕಿರಿದುಗೊಳಿಸಿದರೆ ಕೇಸರದಿಂದ ದಳದ ಅಂಚಿನವರೆಗೂ ಸ್ಫುಟವಾಗುವುದು ನಿಜ. ಆದರೆ ಬೆಳಕು ತಗ್ಗಿ ಷಟರು ಹೆಚ್ಚು ಕಾಲ ತೆರೆದಿರಬೇಕಾಗುತ್ತದೆ. ಎಲ್ಲವೂ ಸ್ಫುಟವಾಗಿರುವ ಚಿತ್ರ ದೊರೆಯದಿದ್ದಲ್ಲಿ ಕೇಸರವು ಸ್ಫುಟವಾಗಿರುವುದನ್ನೇ ಆರಿಸಬೇಕು. ದಳದ ಅಂಚು ಮಸಕಾದರೆ ಕಥೆಗೆ ಭಂಗವಿಲ್ಲ.

“ನೋಡುವವನಿಗೆ ಅಂದ ಸಾಲದೇ, ಶಾಸ್ತ್ರವೇಕೆ?” ಎಂದು ಕೆಲವರು ಕೇಳಬಹುದು. ಅಂದಕ್ಕೆಂದೇ ಬೇರೆ ವಿಭಾಗಗಳಿವೆ. ಅಲ್ಲಿ ಕಲ್ಪನೆ ಸ್ವತಂತ್ರ. ನಿಸರ್ಗದ ಹೆಸರಿನಲ್ಲಿ ತೋರಿಸುವ ಚಿತ್ರವಾದರೋ ಒಂದು ಸಾಕ್ಷ್ಯ. ಸೀಸೆಯಿಂದ ನೀರು ಚಿಮುಕಿಸಿ ಅದನ್ನು ಇಬ್ಬನಿಯೆಂದು ತೋರಿಸುವವನು, ಮುಂದೆ ಪ್ರಯೋಗಶಾಲೆಯಲ್ಲಿ ಬೇಕಾದ ಅಂಕಿಯನ್ನು ಬರೆದುಕೊಳ್ಳಲು ಎಷ್ಟು ಹಿಂಜರಿದಾನು? ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ೧೮೯೨ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದ ಅಶೋಕನ ಶಾಸನವು, ಸತ್ಯವನ್ನು ನುಡಿಯಬೇಕೆಂದೂ ಜೀವಿಗಳಲ್ಲಿ ದಯೆಯಿರಬೇಕೆಂದೂ ವಿಧಿಸುತ್ತದೆ. ಛಾಯಾಗ್ರಾಹಕನಿಗೂ ಆ ಎರಡು ಮಾತುಗಳು ಸಾಕು. ಹೂವನ್ನು ಕೀಳಬೇಡಿ, ದುಂಬಿಯನ್ನು ಪೀಡಿಸಬೇಡಿ, ಇಲ್ಲದ್ದನ್ನು ತೋರಿಸಬೇಡಿ.

ಆದುದರಿಂದ ವಿದ್ಯಾರ್ಥಿಮಿತ್ರರು ತಮ್ಮ ಚಿತ್ರಗಳನ್ನು ಸಾಲಾಗಿ ಹರಡಿಕೊಂಡು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಈ ಹೂವು ತಾನಾಗಿ ಬೆಳೆದದ್ದೇ? ಅದರ ಬದುಕಿನ ಒಂದು ಸಂಗತಿಯಾದರೂ ಇಲ್ಲಿ ಕಾಣುತ್ತದೆಯೇ? ಚಿತ್ರದಲ್ಲಿರುವುದೆಲ್ಲ ಅಲ್ಲಿ ಇದ್ದದ್ದೇ? ಮೂರಕ್ಕೂ ಹೌದೆನ್ನುವ ಚಿತ್ರವನ್ನು ಕಳುಹಿಸಲಿ. ಮೊಬೈಲ್ ಫೋನಿನಿಂದ ತೆಗೆದದ್ದಾದರೂ ನಾಚಬೇಕಿಲ್ಲ. ಬಹುಮಾನ ತೀರ್ಪುಗಾರರ ಕೈಯಲ್ಲಿದೆ. ತಂಗಡಿ, ಎಕ್ಕ, ತುಂಬೆಗಳನ್ನು ಹತ್ತಿರದಿಂದ ನೋಡಿ ಅರಿತ ಲಾಭವಾದರೋ ನಿಮ್ಮದೇ. ನಮ್ಮ ಸೀಮೆಯಲ್ಲಿ ಹೂವಿಲ್ಲವೆಂಬ ಮಾತು ಅಂಥ ವಿದ್ಯಾರ್ಥಿಯ ಬಾಯಿಂದ ಮತ್ತೆ ಬಾರದು.