ಮೂತಿಯಿಲ್ಲದ ದೋಣಿ

ಜುಲೈ ತಿಂಗಳ ಒಂದು ಬೆಳಿಗ್ಗೆ. ಹೊಳಲು ಸೀಮೆಯಲ್ಲಿ ಮೋಡದ ಚೂರೂ ಇಲ್ಲ, ಹೊಲಗಳು ಮಳೆಗೆ ಬಾಯಿಬಿಟ್ಟಿವೆ. ಹೊಳೆಯ ದಡಕ್ಕೆ ಹೋಗಿ ನೋಡಿದರೆ ತುಂಗಭದ್ರೆ ಕೆಂಪಾಗಿ, ದಡ ಮುಟ್ಟಿ ಹರಿಯುತ್ತಿರುತ್ತಾಳೆ! ಮಳೆ ಸುರಿದದ್ದು ಇಲ್ಲಲ್ಲ, ಮಲೆನಾಡಿನಲ್ಲಿ. ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದು; ಮುಂಗಾರು ಹಿಡಿದರೆ ಬೇಗ ತುಂಬುತ್ತದೆ, ಮಿಕ್ಕ ನೀರು ಕೆಳಕ್ಕೆ ಬರುತ್ತದೆ. ಕೂಡಲಿಯಲ್ಲಿ ಭದ್ರೆಯೂ ಸೇರುತ್ತಾಳೆ. ಆದ್ದರಿಂದ ಇಲ್ಲಿ ಹೊಳೆ ದಾಟಿಸುವವನು ತಲೆಯ ಮೇಲಿನ ಆಕಾಶವನ್ನು ನಂಬುವಂತಿಲ್ಲ.

ಹಿಂದೆ ಹೂವನ್ನು ಹಡಗಿನಲ್ಲಿ ಹಂಪಿಗೆ ಕಳಿಸುತ್ತಿದ್ದುದರಿಂದ ಹೂವಿನಹಡಗಲಿ ಎಂಬ ಹೆಸರು ಬಂತೆಂದು ಜನ ಹೇಳುತ್ತಾರೆ. ಕಥೆ ಚೆನ್ನಾಗಿದೆ, ಆದರೆ ವಿಜಯನಗರಕ್ಕಿಂತ ಹಳೆಯದಾದ ಚಾಲುಕ್ಯರ ಕಾಲದ ಶಾಸನಗಳಲ್ಲೇ ಊರಿನ ಹೆಸರು 'ಪೂವಿನ ಪೊಸವಡಂಗಿಲೆ' ಎಂದಿದೆ. ಹೂವೇನೋ ಹೋಗಿರಬಹುದು, ಹೋಗಿದ್ದರೂ ಹಡಗಿನಲ್ಲಲ್ಲ. ಬಂಡೆಗಳೇ ತುಂಬಿದ, ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿನ ಈ ಹೊಳೆಗೆ ತಕ್ಕ ದೋಣಿ ಹರಿಗೋಲೊಂದೇ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ಗೂ ಇದು ಸೋಜಿಗವಾಗಿತ್ತು. ಬುಟ್ಟಿಯಂತೆ ದುಂಡಗೆ ಹೆಣೆದು ಹೊರಗೆ ತೊಗಲು ಹೊದಿಸಿದ ದೋಣಿ, ಹದಿನೈದಿಪ್ಪತ್ತು ಜನರನ್ನು ಹೊರುತ್ತದೆ, ಆದರೆ ನೆಟ್ಟಗೆ ಹೋಗದೆ ಸದಾ ತಿರುಗುತ್ತಿರುತ್ತದೆ ಎಂದು ಬರೆದಿಟ್ಟಿದ್ದಾನೆ. ಈಗ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಬಿದಿರಿನ ಹೆಣಿಗೆ ಮಾತ್ರ ಅದೇ.

ಸಮುದ್ರದ ಹಾಯಿದೋಣಿಗೂ ಇದಕ್ಕೂ ಇರುವ ವ್ಯತ್ಯಾಸ ತಳದಲ್ಲಿದೆ. ಹಾಯಿದೋಣಿಯ ಅಡಿಯಲ್ಲಿ 'ಕೀಲ್' ಎಂಬ ಭಾರವಾದ ರೆಕ್ಕೆ ನೀರಿನೊಳಕ್ಕೆ ಇಳಿದಿರುತ್ತದೆ. ಗಾಳಿ ಪಕ್ಕದಿಂದ ನೂಕಿದರೂ ದೋಣಿ ಪಕ್ಕಕ್ಕೆ ಜಾರದಂತೆ ಅದು ತಡೆಯುತ್ತದೆ. ಆಳವಿಲ್ಲದ ಕಡೆ ಅದೇ ರೆಕ್ಕೆ ಮರಳಿಗೆ ಸಿಕ್ಕಿಕೊಳ್ಳುತ್ತದೆ. ಗಂಗೊಳ್ಳಿ, ಹೊನ್ನಾವರದಂಥ ಅಳಿವೆಗಳಲ್ಲಿ ಮತ್ತೊಂದು ಕಷ್ಟ: ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದರೆ ಅಲೆ ನಿಲ್ಲಲಾರದೆ ಮುರಿದು ಬೀಳುತ್ತದೆ. ಇಳಿತದ ನೀರು ಎದುರಿಗೆ ನುಗ್ಗುವಾಗಲಂತೂ ಅಲೆ ಇನ್ನೂ ಕಡಿದಾಗುತ್ತದೆ. ಒಳಬರುವ ದೋಣಿ ಉಬ್ಬರಕ್ಕೆ ಕಾಯುವುದು ಇದಕ್ಕೇ.

ಹರಿಗೋಲಿಗೆ ಕೀಲೂ ಇಲ್ಲ, ಮೂತಿಯೂ ಇಲ್ಲ. ಗೇಣುದ್ದ ನೀರಿದ್ದರೂ ತೇಲೀತು. ಆದರೆ ಗಾಳಿ ಬೀಸಿದರೆ ಎಲೆಯಂತೆ ಅತ್ತ ಸರಿಯುತ್ತದೆ. ಎರಡೂವರೆ ಮೀಟರ್ ಅಡ್ಡಗಲದ ಹರಿಗೋಲಿನ ತಳ ಸುಮಾರು 4.9 ಚದರ ಮೀಟರ್. ಐವತ್ತು ಕಿಲೋ ತೂಗುವ ಹತ್ತು ಜನ ಕೂತರೆ ಅದು ಇನ್ನೂ ಹತ್ತು ಸೆಂಟಿಮೀಟರ್ ಮುಳುಗುತ್ತದೆ. ಅಷ್ಟೇ ತಾನೇ ಎನ್ನಬೇಡಿ. ಆ ಹತ್ತು ಜನ ಏನೋ ನೋಡಲು ಒಂದೇ ಪಕ್ಕಕ್ಕೆ ವಾಲಿದರೆ ಈ ಲೆಕ್ಕ ಉಳಿಯುವುದಿಲ್ಲ.

ಪಿಯುಸಿ ವಿದ್ಯಾರ್ಥಿಗಳಿಗೆ ದೋಣಿ ಮತ್ತು ಹೊಳೆಯ ಲೆಕ್ಕ ಪರಿಚಿತ. ಹೊಳೆಯ ಅಗಲ 400 ಮೀಟರ್, ಹುಟ್ಟು ಹಾಕುವ ವೇಗ ಸೆಕೆಂಡಿಗೆ ಒಂದು ಮೀಟರ್, ಸೆಳೆತ ಒಂದೂವರೆ ಮೀಟರ್ ಎಂದುಕೊಳ್ಳಿ. ಆಚೆ ದಡ ಮುಟ್ಟಲು 400 ಸೆಕೆಂಡು. ಅಷ್ಟರಲ್ಲಿ ಹರಿಗೋಲು 600 ಮೀಟರ್ ಕೆಳಕ್ಕೆ ತೇಲಿರುತ್ತದೆ. ಹಾಗಾಗಿ ಅಂಬಿಗ ದಡದ ಗುಂಟ ಅಷ್ಟು ದೂರ ಮೇಲಕ್ಕೆ ಹೋಗಿಯೇ ಹೊರಡಬೇಕು. ಕಾಗದ ಪೆನ್ಸಿಲ್ ಇಲ್ಲದೆ ಅವನು ಮಾಡುವ ಲೆಕ್ಕ ಇದೇ. ಸೆಳೆತ ಇಮ್ಮಡಿಯಾದರೆ ತೇಲುವ ದೂರ 1200 ಮೀಟರ್. ಬಂಡೆಗೆ ಸಿಕ್ಕಿದ ಹರಿಗೋಲಿನ ಮೇಲೆ ನೀರಿನ ನೂಕು ಮಾತ್ರ ಎರಡು ಪಟ್ಟಲ್ಲ, ನಾಲ್ಕು ಪಟ್ಟು! ಆ ಬಂಡೆಗಳಾದರೂ ಕಾಣುತ್ತವೆಯೇ? ಮುಳುಗಿದ ಬಂಡೆಯ ಗುರುತು ನೀರಿನ ಮೇಲಿನ ಒಂದು ಉಬ್ಬು, ಅದರ ಕೆಳಗಿನ ಸುಳಿ, ಅಷ್ಟೇ.

ಇಂಥ ದಿನವೇ ಆಚೆ ದಡದ ಊರಿನಲ್ಲಿ ಪರೀಕ್ಷೆ ಇರುತ್ತದೆ, ಇಲ್ಲವೇ ಯಾರದೋ ಮದುವೆ. 'ಐದು ನಿಮಿಷದ ಕೆಲಸ, ಬಿಡಪ್ಪಾ' ಎಂದು ಹಿರಿಯರೇ ಅಂಬಿಗನನ್ನು ಒತ್ತಾಯಿಸುತ್ತಾರೆ, ಪಕ್ಕದಲ್ಲಿ ಮಕ್ಕಳು ನಿಂತಿರುತ್ತಾರೆ. ಹುಟ್ಟು ಕೈಯಲ್ಲಿರುವವನು ಒಬ್ಬನೇ ಆ ಕೆಂಪು ನೀರನ್ನು ನೋಡುತ್ತಿರುತ್ತಾನೆ. ಅವನು ಮಾತಾಡದೆ ಹರಿಗೋಲನ್ನು ದಡಕ್ಕೆಳೆದು ಕವುಚಿ ಹಾಕಿದನೆಂದರೆ ಮುಗಿಯಿತು: ಚೀಲ ಹೆಗಲಿಗೇರಿಸಿ, ಸೇತುವೆ ಸುತ್ತಿ ಹೋಗುವ ಬಸ್ಸಿಗೆ ನಡೆಯಬೇಕು.