ಬುಲೆಟ್ ಟೆಂಪೋ ಹತ್ತಿತು, ಹಗ್ಗಕ್ಕೆ ಯಾರು ಹೊಣೆ?

ಮೈಸೂರು-ಬೆಂಗಳೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಸ್ಕೂಟರು, ಆಟೋಗಳಿಗೆ ಪ್ರವೇಶವಿಲ್ಲ. ಅವೆಲ್ಲ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಆದರೆ ಅದೇ ಬೈಕು ನಾಲ್ಕು ಚಕ್ರದ ಗೂಡ್ಸ್ ಗಾಡಿಯ ಬೆನ್ನೇರಿ ಹೊರಟರೆ ರಾಜಮರ್ಯಾದೆಯಿಂದ ಮುಖ್ಯ ರಸ್ತೆಯಲ್ಲೇ ಓಡಬಹುದು. ವರ್ಗವಾಗಿ ಮನೆ ಖಾಲಿ ಮಾಡುವವರು, ಹಳೇ ಗಾಡಿ ಕೊಂಡು ಊರಿಗೆ ತರುವವರು, ದಾರೀಲಿ ಕೆಟ್ಟು ನಿಂತವರು, ಎಲ್ಲರೂ ಕೈ ತೋರಿಸುವುದು ಟಾಟಾ ಏಸ್ ಅಥವಾ ಅದರ ತಮ್ಮಂದಿರಿಗೆ. ಬಾಡಿಗೆ ಬಗ್ಗೆ ಅರ್ಧ ಗಂಟೆ ಚೌಕಾಸಿ ನಡೆಯುತ್ತದೆ. ಗಾಡಿ ಕಟ್ಟುವ ಬಗ್ಗೆ ಅರ್ಧ ಮಾತೂ ಇಲ್ಲ.

ಕಟ್ಟುವ ಪದ್ಧತಿ ಎಲ್ಲರೂ ಕಂಡದ್ದೇ. ಬೈಕನ್ನು ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸುವುದು, ಸೀಟಿನ ಮೇಲಿಂದ ಒಂದು ನಾರಿನ ಹಗ್ಗ ಎಳೆಯುವುದು, ಹ್ಯಾಂಡಲ್ಲಿಗೆ ಇನ್ನೊಂದು ಸುತ್ತು. ಅದೂ ಸಾಲದಾದರೆ ಹಿಡಿದುಕೊಳ್ಳೋಕೆ ಹಿಂದೆ ಒಬ್ಬ ಹುಡುಗ. ಹಿಂದೆ ಬರುವ ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಹುಡುಗ ಬೈಕನ್ನು ಹಿಡಿದಿದ್ದಾನೋ, ಬೈಕೇ ಹುಡುಗನನ್ನು ಹಿಡಿದಿದೆಯೋ ಗೊತ್ತಾಗುವುದಿಲ್ಲ.

ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಈ ಪದ್ಧತಿ ಹೇಗೋ ನಡೀತು. ಜಾವಾ, ಯೆಜ್ಡಿಗಳ ತೂಕ 140 ಕೆ.ಜಿ. ಆಸುಪಾಸು. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಗಾಡಿಗಳ ತೂಕ ಮಾತ್ರ ಏರುತ್ತಲೇ ಹೋಯಿತು. ಇವತ್ತಿನ ಕ್ಲಾಸಿಕ್ 350 ಬುಲೆಟ್ಟು 195 ಕೆ.ಜಿ. ಇಂಟರ್‌ಸೆಪ್ಟರ್ 650 ಇನ್ನೂರು ದಾಟುತ್ತದೆ. ಸೂಪರ್ ಮೀಟಿಯರ್ 241 ಕೆ.ಜಿ., ಅಂದರೆ ಸುಮಾರು ಐದು ಮೂಟೆ ಅಕ್ಕಿ. ಐದು ಮೂಟೆ ಅಕ್ಕಿಯಾದರೆ ಮಲಗಿಸಬಹುದು. ಇದು ಎರಡೇ ಚಕ್ರದ ಮೇಲೆ ನೆಟ್ಟಗೆ ನಿಂತೇ ಬರಬೇಕು.

ಗಂಟು ಬಿಗಿಯಾಗಿದೆ ಸಾರ್ ಅಂತಾನೆ ಚಾಲಕ. ಬಿಗಿಯಾಗಿಯೇ ಇರುತ್ತದೆ, ತೊಂದರೆ ಗಂಟಿನದಲ್ಲ. ಬೈಕು ಸ್ಪ್ರಿಂಗಿನ ಮೇಲೆ ಕೂತ ವಸ್ತು. ಟೆಂಪೋ ಒಂದು ಹಂಪ್ ಹಾರಿದ ಕೂಡಲೇ ಬೈಕಿನ ಮುಂಭಾಗ ಕೆಳಗೆ ಕುಸಿಯುತ್ತದೆ. ಆ ಒಂದು ಕ್ಷಣ ಹಗ್ಗ ಸಡಿಲ. ಮರುಕ್ಷಣ ಮೇಲೆ ಚಿಮ್ಮುತ್ತದೆ, ಹಗ್ಗಕ್ಕೆ ಜಗ್ಗಿದ ಏಟು. ಹೀಗೆ ಹತ್ತು ಹಂಪ್ ಆದರೆ ನಾರಿನ ಹಗ್ಗ ಎಳೆದುಕೊಂಡು ಉದ್ದವಾಗುತ್ತದೆ, ಕೊಕ್ಕೆ ಇದ್ದರೆ ಕಳಚಿಕೊಳ್ಳುತ್ತದೆ. ಸೈಡ್ ಸ್ಟ್ಯಾಂಡ್ ಮೇಲಿದ್ದರಂತೂ ಎಲ್ಲ ಭಾರ ಒಂದು ಕಬ್ಬಿಣದ ಕಾಲಿನ ಮೇಲೆ, ಅದರ ಕೆಳಗೆ ನುಣುಪಾದ ತಗಡು. ಮುಂದಿನದು ಹೇಳಬೇಕಾಗಿಲ್ಲ.

ಆದ್ದರಿಂದ ಮಾಡಬೇಕಾದ್ದು ಸ್ಪ್ರಿಂಗನ್ನು ಮೊದಲೇ ಅರ್ಧ ಅದುಮಿಬಿಡುವುದು. ಮುಂದಿನ ಚಕ್ರವನ್ನು ಕ್ಯಾಬಿನ್ ಹಿಂದಿನ ತಗಡಿಗೆ ನೇರವಾಗಿ ಒತ್ತಿ ನಿಲ್ಲಿಸಿ, ಆಚೀಚೆ ಜರುಗದಂತೆ ಮರದ ತುಂಡು ಕೊಡಬೇಕು. ಹ್ಯಾಂಡಲ್ ಕೆಳಗೆ ಎರಡು ಫೋರ್ಕ್‌ಗಳನ್ನೂ ಹಿಡಿದಿರುವ ದಪ್ಪ ಪಟ್ಟಿ ಇದೆಯಲ್ಲ, ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ರ‍್ಯಾಚೆಟ್ ಬೆಲ್ಟು, ಮುಂದಕ್ಕೂ ಕೆಳಕ್ಕೂ ಎಳೆಯುವ ಹಾಗೆ. ಸ್ಟ್ಯಾಂಡ್ ಮೇಲೆತ್ತಿ, ಎರಡೂ ಕಡೆ ಸಮವಾಗಿ ಬಿಗಿಯುತ್ತಾ ಹೋದರೆ ಫೋರ್ಕ್ ಕೆಳಗಿಳಿಯುತ್ತದೆ. ಸುಮಾರು ಅರ್ಧದಷ್ಟು ಇಳಿದರೆ ಸಾಕು. ಪೂರ್ತಿ ಅದುಮಿದರೆ ಆಯಿಲ್ ಸೀಲ್ ಹೋಗಿ, ಇಳಿಸುವ ಹೊತ್ತಿಗೆ ಫೋರ್ಕ್ ಎಣ್ಣೆ ಸ್ನಾನ ಮಾಡಿರುತ್ತದೆ. ಹ್ಯಾಂಡಲ್ಲಿನ ತುದಿಗೆ ಕಟ್ಟುವುದು ತಪ್ಪು. ಅದು ಬಾಗುತ್ತದೆ, ಡಿಸ್ಕ್ ಬ್ರೇಕಿನ ಪೈಪು, ಕೇಬಲ್ಲು ನಲುಗುತ್ತವೆ. ಹಿಂದೆ ಇನ್ನೆರಡು ಬೆಲ್ಟು, ಫ್ರೇಮಿಗೆ ಮಾತ್ರ, ಸೈಲೆನ್ಸರಿಗಲ್ಲ. ಹಿಂದಕ್ಕೆ, ಪಕ್ಕಕ್ಕೆ ಎಳೆಯುವಂತೆ. ಬೆಲ್ಟು ಕಬ್ಬಿಣದ ಅಂಚಿಗೆ ತಾಗುವ ಕಡೆ ಒಂದು ದಪ್ಪ ಬಟ್ಟೆ. ಗೇರು ಒಂದನೆಯದಕ್ಕೆ. ಆಮೇಲೆ ಬೈಕನ್ನು ಹಿಡಿದು ಜೋರಾಗಿ ಅಲುಗಿಸಿದರೆ ಟೆಂಪೋ ಕೂಡ ಜೊತೆಗೆ ಅಲುಗಬೇಕು. ಬೈಕು ಒಂದೇ ಅಲುಗಿದರೆ ಮತ್ತೆ ಬಿಗಿಯಬೇಕು.

ಹೊರಟ ಮೇಲೂ ಒಮ್ಮೆ ನಿಲ್ಲಿಸಿ ನೋಡಬೇಕು. ಮೈಸೂರಿನಿಂದ ಹೊರಟವರಿಗೆ ಶ್ರೀರಂಗಪಟ್ಟಣ ಸರಿಯಾದ ಜಾಗ. ಹೊಸ ಬೆಲ್ಟು ಮೊದಲ ಹತ್ತು-ಹದಿನೈದು ಕಿಲೋಮೀಟರಿನಲ್ಲೇ ಸ್ವಲ್ಪ ಸಡಿಲಾಗುತ್ತದೆ.

ಇಷ್ಟೆಲ್ಲ ಯಾಕೆ ಅನ್ನುವವರಿಗೆ ಒಂದು ಲೆಕ್ಕ. ಯೂರೋಪಿನ ನಿಯಮದ ಪ್ರಕಾರ ಸರಕಿನ ತೂಕದ ನೂರಕ್ಕೆ 80ರಷ್ಟು ಬಲ ಮುಂದಕ್ಕೆ ನೂಕಿದರೂ, 50ರಷ್ಟು ಪಕ್ಕಕ್ಕೆ ಅಥವಾ ಹಿಂದಕ್ಕೆ ನೂಕಿದರೂ ಕಟ್ಟು ತಡೆಯಬೇಕು. ಬುಲೆಟ್ಟಿಗೆ ಆ ಲೆಕ್ಕ ಹಾಕಿದರೆ ಜೋರು ಬ್ರೇಕಿಗೆ 156 ಕೆ.ಜಿ., ತಿರುವಿನಲ್ಲಿ 97 ಕೆ.ಜಿ. ಹಿಂದೆ ಕೂತ ಹುಡುಗ ತಾನೇ ಅಷ್ಟು ತೂಕವಿಲ್ಲ, ಪಾಪ, ಹಿಡಿದುಕೊಳ್ಳುವುದು ಎಲ್ಲಿಂದ ಬಂತು. ಅವನನ್ನು ಅಲ್ಲಿ ಕೂರಿಸುವುದನ್ನು ಮೊದಲು ನಿಲ್ಲಿಸಬೇಕು. ಬೈಕು ವಾಲಿದರೆ ಮೊದಲು ಸಿಕ್ಕಿಕೊಳ್ಳುವವನು ಅವನೇ.

ಹತ್ತಿಸುವಾಗಿನ ಅಪಾಯವೂ ಸಣ್ಣದಲ್ಲ. ಒಂದೇ ಕಿರಿದಾದ ಹಲಗೆ, ಎಂಜಿನ್ ಚಾಲೂ ಮಾಡಿಕೊಂಡು ಮೇಲೇರಿಸುವ ಶೂರರು ಇದ್ದಾರೆ. ಹಲಗೆಯ ಮೇಲ್ತುದಿಯನ್ನು ಟೆಂಪೋಗೆ ಕಟ್ಟದಿದ್ದರೆ ಚಕ್ರ ಒತ್ತಿದಾಗ ಅದು ಹಿಂದಕ್ಕೆ ಜಾರುತ್ತದೆ. ಮೂರು ಜನ, ಎಂಜಿನ್ ಬಂದ್, ನಿಧಾನ. ಇಳಿಸುವಾಗ ಭಾರವೆಲ್ಲ ಹಿಂದಿನ ಚಕ್ರಕ್ಕೆ ಹೋಗುವುದರಿಂದ ಮುಂದಿನ ಬ್ರೇಕು ಹಿಡಿದರೂ ಚಕ್ರ ಜಾರುತ್ತದೆ. ಗೇರಿನಲ್ಲಿಟ್ಟು ಕ್ಲಚ್ಚನ್ನೇ ಬ್ರೇಕಿನಂತೆ ಬಿಡುತ್ತಾ ಹಿಡಿಯುತ್ತಾ ಇಳಿಸುವುದು ಮೆಕ್ಯಾನಿಕ್‌ಗಳ ದಾರಿ. ಅದೇ ಸರಿ.

ಇನ್ನು ಅಳತೆ. ಟಾಟಾ ಏಸಿನ ಸರಕಿನ ಜಾಗ ಸುಮಾರು ಏಳು ಅಡಿ. ಬುಲೆಟ್ಟೂ ಸುಮಾರು ಏಳು ಅಡಿಯೇ. ಸ್ವಲ್ಪ ಉದ್ದದ ಗಾಡಿಯಾದರೆ ಹಿಂದಿನ ಬಾಗಿಲು ಇಳಿಬಿಟ್ಟು ಅದರ ಮೇಲೆ ಚಕ್ರ ನಿಲ್ಲಿಸುತ್ತಾರೆ. ಆಗ ಹಿಂಭಾಗದ ಭಾರವೆಲ್ಲ ಎರಡು ಸರಪಳಿಯ ಮೇಲೆ. ಮಿತಿ ಮೀರಿ ಸರಕು ಹೊರಚಾಚಿದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ 20,000 ರೂಪಾಯಿ ದಂಡ ಬರೆದಿದೆ, ಸರಕು ಇಳಿಸುವ ಖರ್ಚು ಬೇರೆ. ನಾಲ್ಕು ರ‍್ಯಾಚೆಟ್ ಬೆಲ್ಟಿಗೆ ಇದರ ಒಂದು ಚೂರೂ ಆಗುವುದಿಲ್ಲ. ಸಂತೇಪೇಟೆಯಲ್ಲಿ ಹಗ್ಗ ಕೊಳ್ಳಲು ಹೋದವರು ಹಗ್ಗದ ಬದಲು ಬೆಲ್ಟು ಕೇಳಿದರೆ ಅಂಗಡಿಯವರಿಗೂ ವ್ಯಾಪಾರವೇ. ಸ್ಟೆಪ್ನಿ ಇಟ್ಟುಕೊಳ್ಳುವ ಚಾಲಕ ಬೆಲ್ಟು ಯಾಕೆ ಇಟ್ಟುಕೊಳ್ಳಬಾರದು? ಎಫ್.ಸಿ.ಗೆ ಬಂದ ಗೂಡ್ಸ್ ಗಾಡಿಯಲ್ಲಿ ಕಟ್ಟುವ ಹುಕ್ಕು ಗಟ್ಟಿಯಿದೆಯೋ, ಬರೀ ಪೇಂಟಿನಿಂದ ನಿಂತಿದೆಯೋ ಎಂದು ಆರ್.ಟಿ.ಓ. ಕಚೇರಿಯವರು ಒಮ್ಮೆ ಜಗ್ಗಿ ನೋಡಿದರೂ ಉಪಕಾರವಾಗುತ್ತದೆ.

ಬಿದ್ದ ಮೇಲೆ ನಷ್ಟ ಯಾರದ್ದು? ಚಾಲಕನ ಉತ್ತರ ಸಿದ್ಧವಿರುತ್ತದೆ: ಹಗ್ಗ ನೀವೇ ತಂದದ್ದು, ಕಟ್ಟುವಾಗ ನೀವೂ ಇದ್ದಿರಿ. ಬಾಯಿಮಾತಿನ ಬಾಡಿಗೆಗೆ ರಸೀದಿಯೂ ಇಲ್ಲ. ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿಯೆಂದರೆ, ಬೈಕಿನ ಪೂರ್ಣ ವಿಮೆ ಇದ್ದರೆ ರಸ್ತೆ ಅಥವಾ ರೈಲಿನಲ್ಲಿ ಸಾಗಿಸುವಾಗ ಆದ ಹಾನಿಯೂ ಅದರಲ್ಲಿ ಸೇರುತ್ತದೆ. ಬರೀ ಥರ್ಡ್ ಪಾರ್ಟಿ ಮಾಡಿಸಿದವರಿಗೆ ಇದಿಲ್ಲ. ಹಳೇ ಜಾವಾ, ಹಳೇ ಬುಲೆಟ್ಟುಗಳಲ್ಲಿ ಹೆಚ್ಚಿನವು ಥರ್ಡ್ ಪಾರ್ಟಿಯವೇ. ಅಕ್ಕರೆಯಿಂದ ಮಗುವಿನಂತೆ ಸಾಕಿದ ಗಾಡಿಗೇ ರಕ್ಷಣೆ ಕಡಿಮೆ.

ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಬುಕ್ ಮಾಡುವವರಿಗೆ 2007ರ ರಸ್ತೆ ಸಾಗಣೆ ಕಾಯ್ದೆಯ ಆಸರೆ ಇದೆ. ಅದಕ್ಕೂ ಷರತ್ತುಂಟು. ಗಾಡಿಯ ಬೆಲೆ ಘೋಷಿಸಿ ಹೆಚ್ಚಿನ ದರ ಕಟ್ಟದಿದ್ದರೆ ಪರಿಹಾರಕ್ಕೆ ಮಿತಿ ಬೀಳುತ್ತದೆ. ನಿಯಮದಂತೆ ಕೊಟ್ಟ ಬಾಡಿಗೆಯ ಹತ್ತು ಪಟ್ಟು. ಎರಡು ಸಾವಿರ ಬಾಡಿಗೆಗೆ ಇಪ್ಪತ್ತು ಸಾವಿರ, ಗಾಡಿ ಎರಡು ಲಕ್ಷದ್ದಾದರೂ. ರೈಲಿನ ಪಾರ್ಸೆಲ್ಲಿನಲ್ಲೂ ಬೆಲೆ ಬರೆಸದವರ ಗತಿ ಹೀಗೇ. ಅಲ್ಲಿ ಪೆಟ್ರೋಲ್ ಟ್ಯಾಂಕನ್ನೂ ಖಾಲಿ ಮಾಡಿಯೇ ಕೊಡಬೇಕು. ಲಾರಿ ಕಚೇರಿಯವರ ಮೇಲೆ ದಾವೆ ಹೂಡುವುದಾದರೆ ಬುಕ್ ಮಾಡಿದ 180 ದಿನದೊಳಗೆ ಲಿಖಿತ ನೋಟಿಸು ತಲುಪಿರಬೇಕು. ಅದಕ್ಕೆ ರಸೀದಿ ಬೇಕು. ಹತ್ತಿಸುವ ಮುಂಚೆ ಗಾಡಿಯ ನಾಲ್ಕೂ ಕಡೆಯಿಂದ ತೆಗೆದ ಫೋಟೋ ಇದ್ದರೆ, ಗೀರು ಹಳೆಯದೋ ಹೊಸದೋ ಎಂಬ ಜಗಳ ಕೌಂಟರಿನಲ್ಲೇ ಮುಗಿಯುತ್ತದೆ.